ಮರೆವಿನ ಮಿಲಿಮೀಟರ್

ಮಲೆನಾಡಿನ ಹುಲಿಕಲ್‌ನಲ್ಲಿ ಮಿಲಿಮೀಟರ್ ಅಂದರೆ ಮಳೆ. ಜೂನ್ ಹಿಡಿಯಿತೆಂದರೆ ಬೆಳಗ್ಗೆ ಎದ್ದವರ ಮೊದಲ ಪ್ರಶ್ನೆಯೇ ‘ನಿನ್ನೆ ಎಷ್ಟು ಬಿತ್ತು?’ ಎಂದು. ಆಗುಂಬೆಯನ್ನು ಹಿಂದೆ ಹಾಕಿದೆವೋ ಇಲ್ಲವೋ ಎಂಬುದು ಬಾಳೆಬರೆ ಘಾಟಿಯ ನೆತ್ತಿಯಿಂದ ಮಾಸ್ತಿಕಟ್ಟೆ, ಯಡೂರು, ನಗರದವರೆಗೆ ಎಲ್ಲರಿಗೂ ಬೇಕಾದ ಸುದ್ದಿ. ಹಗಲು ರಾತ್ರಿ ಒಂದೇ ಸಮ ಸುರಿಯುವ ಆ ನೀರನ್ನು ಒಂದು ಪುಟ್ಟ ಅಳತೆಪಾತ್ರೆ ಲೆಕ್ಕಕ್ಕೆ ತರುತ್ತದೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಮರೆವನ್ನೂ ಹೀಗೆಯೇ ಮಿಲಿಮೀಟರಿನಲ್ಲಿ ಅಳೆಯಬಹುದು ಎಂದರೆ ನಂಬುತ್ತೀರಾ?

ಅಳೆಯುತ್ತಿದ್ದಾರೆ! ತಲೆಗೆ ಒಂದು ಸೂಜಿಯನ್ನೂ ಚುಚ್ಚದೆ, ಮನುಷ್ಯ ಸುಮ್ಮನೆ ಮಲಗಿರುವಾಗಲೇ, ಅವನ ನೆನಪಿನ ಮನೆ ಎಷ್ಟು ಸೊರಗಿದೆ, ಯಾವ ಮೂಲೆಯಿಂದ ಸೊರಗುತ್ತಿದೆ, ವರ್ಷಕ್ಕೆ ಎಷ್ಟರ ವೇಗದಲ್ಲಿ ಸೊರಗುತ್ತಿದೆ ಎಂಬುದನ್ನು ಸಂಖ್ಯೆಯಲ್ಲಿ ಬರೆದುಕೊಡುವ ವಿದ್ಯೆ ಇಂದು ನಮ್ಮ ಕರ್ನಾಟಕದಲ್ಲೇ ಇದೆ. ಅದರ ಕಥೆಯಲ್ಲಿ ಕೋಲಾರದ ಮಾವಿನ ಸೀಮೆಯ ಸಾವಿರಾರು ಹಳ್ಳಿಗರು ಇದ್ದಾರೆ. ತಿಳಿಯುತ್ತ ಹೋದಂತೆ ಮೈ ನವಿರೇಳುವ ಕಥೆ ಇದು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಿಗೆ ಇದು ದೂರದ ವಿಷಯವಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಫೋನಿನಲ್ಲಿ ಅಮ್ಮ ‘ಊಟ ಆಯ್ತನಾ?’ ಎಂದು ಐದು ನಿಮಿಷದಲ್ಲಿ ಮೂರು ಸಲ ಕೇಳುತ್ತಾಳೆ. ಅಪ್ಪ ಕೊನೆಕೊಯ್ಲಿನವರಿಗೆ ಕೊಟ್ಟ ಕೂಲಿಯನ್ನೇ ಮತ್ತೊಮ್ಮೆ ಕೊಡುತ್ತಾನೆ. ‘ವಯಸ್ಸಾಯ್ತಲ್ಲ ಮಾರಾಯ, ಮರೆವು ಬರದೆ ಇನ್ನೇನು’ ಎಂದು ನೆಂಟರು ಸಮಾಧಾನ ಹೇಳುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ, ಕಾಯಿಲೆ ಮಾತ್ರ ಮುಂದುವರಿಯುತ್ತದೆ. ದೇಶವ್ಯಾಪಿ ಸಮೀಕ್ಷೆಯೊಂದನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಡಿಮೆನ್ಶಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು!

ಬೆನ್ನಿಗೆ ಗಾಳಿ ಊದಿದ ಕಾಲ

ಮೆದುಳು ಕುಗ್ಗುತ್ತದೆ ಎಂಬುದು ಹೊಸ ಸಂಗತಿಯಲ್ಲ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51ರ ಹೆಂಗಸನ್ನು ಕರೆತಂದರು. ನೆನಪು ಕೈಕೊಟ್ಟಿತ್ತು, ಅನುಮಾನ ಹೆಚ್ಚಿತ್ತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರು ವೈದ್ಯ ಆಲೊಯ್ಸ್ ಅಲ್ಝೈಮರ್. ಕುಗ್ಗಿದ ಮೆದುಳು, ನರಕೋಶಗಳೊಳಗೆ ಗಂಟುಕಟ್ಟಿದ ಎಳೆಗಳು, ಹೊರಗೆ ವಿಚಿತ್ರ ಕಲೆಗಳು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ಅವರು ಇದನ್ನು ಸಭೆಯ ಮುಂದಿಟ್ಟರು. ಆದರೆ ಗಮನಿಸಿ: ಆಕೆಯ ಮೆದುಳು ಕಂಡದ್ದು ಆಕೆ ಹೋದ ಮೇಲೆ.

ಬದುಕಿರುವವರ ಮೆದುಳನ್ನು ನೋಡಬೇಕೆಂದು ವೈದ್ಯರು ಪಟ್ಟ ಪಾಡು ಅಷ್ಟಿಷ್ಟಲ್ಲ. 1919ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಗಾಳಿ ಸೇರಿಸಿ, ಆ ಗಾಳಿ ತಲೆಗೇರಿ ಮೆದುಳಿನ ಕುಹರಗಳನ್ನು ತುಂಬಿದಾಗ ಎಕ್ಸ್‌ರೇ ತೆಗೆಯುವ ವಿಧಾನ ಕಂಡುಹಿಡಿದರು. ರೋಗಿಗೆ ತಲೆ ಸಿಡಿಯುವ ನೋವು, ವಾಂತಿ. ಅಷ್ಟಾದರೂ ಕಾಣುತ್ತಿದ್ದುದು ಕುಹರಗಳ ನೆರಳು ಮಾತ್ರ. 1971ರ ಅಕ್ಟೋಬರ್ 1ರಂದು ಲಂಡನ್ ಬಳಿಯ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಅಡ್ಡಸೀಳಿಕೆಯ ಚಿತ್ರ ತೆಗೆಯಿತು. ಎರಡು ವರ್ಷ ಕಳೆಯುವುದರೊಳಗೆ ಪಾಲ್ ಲಾಟರ್‌ಬರ್ ಕಾಂತಶಕ್ತಿಯಿಂದ ಚಿತ್ರ ಬರೆಯುವ ದಾರಿ ತೋರಿಸಿದರು. ಅದೇ ಎಂಆರ್‌ಐ!

ಹನ್ನೆರಡು ಲಕ್ಷ ಚುಕ್ಕಿಗಳು

ಎಂಆರ್‌ಐ ಕೋಣೆಯ ಬಾಗಿಲಲ್ಲಿ ಮೊದಲು ನಡೆಯುವುದು ಒಡವೆ ಬಿಚ್ಚುವ ಕೆಲಸ. ಓಲೆ, ಮೂಗುಬೊಟ್ಟು, ಬಳೆ, ಹೇರ್‌ಪಿನ್ನು, ಕೊನೆಗೆ ಕರಿಮಣಿ. ಐವತ್ತು ವರ್ಷ ಕೊರಳಿಂದ ತೆಗೆಯದ ಸರವನ್ನು ಮಗಳ ಕೈಗೆ ಕೊಟ್ಟು ಒಳಗೆ ಹೋಗುವ ಅಜ್ಜಿಗೆ ಟೆಕ್ನಿಷಿಯನ್ ಹೇಳುತ್ತಾರೆ: ‘ಅಜ್ಜಿ, ಸದ್ದು ಜೋರಾಗಿ ಬರ್ತದೆ, ಹೆದರ್ಬೇಡಿ. ತಲೆ ಮಾತ್ರ ಅಲ್ಲಾಡಿಸ್ಬೇಡಿ.’ ಅದು ಬರೀ ಉಪಚಾರದ ಮಾತಲ್ಲ. ತಲೆ ಒಂದಿಷ್ಟು ಅಲುಗಿದರೂ ಚಿತ್ರ ಮಸುಕಾಗಿ, ಇರುವುದಕ್ಕಿಂತ ಮೆದುಳು ತೆಳುವಾಗಿದೆ ಎಂದು ಕಂಪ್ಯೂಟರ್ ತಪ್ಪು ಲೆಕ್ಕ ಕೊಡಬಹುದು.

ಮೆದುಳಿನ ಮುಕ್ಕಾಲು ಪಾಲು ನೀರೇ. ಆ ನೀರಿನ ಹೈಡ್ರೋಜನ್ ಪರಮಾಣುಗಳ ಒಡಲಲ್ಲಿ ಪ್ರೋಟಾನ್‌ಗಳಿವೆ. 3 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ 60 ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಹೊಕ್ಕ ಕೂಡಲೇ ಪ್ರೋಟಾನ್‌ಗಳು ಒಂದು ದಿಕ್ಕಿಗೆ ವಾಲುತ್ತವೆ. ರೇಡಿಯೊ ತರಂಗವೊಂದು ಅವನ್ನು ಕದಲಿಸುತ್ತದೆ, ತರಂಗ ನಿಂತಾಗ ಅವು ಮತ್ತೆ ಮೊದಲ ಸ್ಥಿತಿಗೆ ಮರಳುತ್ತ ಸಣ್ಣ ಸಂಕೇತ ಹೊರಡಿಸುತ್ತವೆ. ನರಕೋಶಗಳಿರುವ ಬೂದುಭಾಗದಲ್ಲಿ ಮರಳುವ ವೇಗ ಒಂದು, ತಂತುಗಳಿರುವ ಬಿಳಿಭಾಗದಲ್ಲಿ ಇನ್ನೊಂದು, ಸುತ್ತಲಿನ ದ್ರವದಲ್ಲಿ ಮತ್ತೊಂದು. ಆ ವ್ಯತ್ಯಾಸವೇ ಚಿತ್ರವಾಗುತ್ತದೆ. ಎಕ್ಸ್‌ರೇ ವಿಕಿರಣದ ಹಂಗೇ ಇಲ್ಲ!

ಈಗ ಲೆಕ್ಕ ನೋಡಿ. ಒಂದು ಮೆದುಳು 1,200 ಘನ ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳೋಣ. ಯಂತ್ರ ಅದನ್ನು ಒಂದು ಘನ ಮಿಲಿಮೀಟರಿನ ಚುಕ್ಕಿಗಳಾಗಿ ಕಾಣುತ್ತದೆ. ಒಟ್ಟು 12 ಲಕ್ಷ ಚುಕ್ಕಿ! ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು ಹಿಪ್ಪೊಕ್ಯಾಂಪಸ್ ಎಂಬ ಬಾಗಿದ ಭಾಗವಿದೆ. ಇವತ್ತು ನಡೆದದ್ದು ನಾಳೆಗೆ ನೆನಪಾಗಿ ಉಳಿಯಬೇಕಾದರೆ ಅದು ಬೇಕೇ ಬೇಕು. ಅದರ ಪಾಲಿಗೆ ಬರುವುದು ಸುಮಾರು 3,500 ಚುಕ್ಕಿ ಮಾತ್ರ. ಆರೋಗ್ಯವಂತ ಹಿರಿಯರಲ್ಲೂ ಅದು ವರ್ಷಕ್ಕೆ ಶೇ 1.4ರಷ್ಟು ಕುಗ್ಗುತ್ತದೆ, ಅಂದರೆ 50 ಚುಕ್ಕಿಯಷ್ಟು. ಅಲ್ಝೈಮರ್ ಅವರ ಹೆಸರು ಹೊತ್ತ ಕಾಯಿಲೆ ಇದ್ದವರಲ್ಲಿ ಕುಗ್ಗುವುದು ವರ್ಷಕ್ಕೆ ಸುಮಾರು ಶೇ 4.7, ಅಂದರೆ 160 ಚುಕ್ಕಿಗೂ ಮೇಲೆ. ‘ವಯಸ್ಸಾಯ್ತಲ್ಲ’ ಎಂಬ ಮಾತಿಗೂ ಕಾಯಿಲೆಗೂ ನಡುವಿನ ಅಂತರ ಇಲ್ಲಿದೆ, ಎಣಿಸಿ ತೋರಿಸುವಷ್ಟು ಸ್ಪಷ್ಟವಾಗಿ ಇದೆ!

ಇನ್ನೊಂದು ಸಂಗತಿ ಕೇಳಿ. ಸಾಮಾನ್ಯವಾಗಿ ಎತ್ತರದ ಆಳಿನ ಮೆದುಳು ದೊಡ್ಡದು, ಕುಳ್ಳಗಿನವರದು ಚಿಕ್ಕದು. ಹಾಗಿರುವಾಗ ಈ ಮೆದುಳು ಮೊದಲೇ ಚಿಕ್ಕದಿತ್ತೋ, ಈಗ ಕುಗ್ಗಿತೋ ಎಂದು ತಿಳಿಯುವುದು ಹೇಗೆ? ಉತ್ತರ ತಲೆಬುರುಡೆಯಲ್ಲಿದೆ. ಮೆದುಳು ಕುಗ್ಗಿದರೂ ಬುರುಡೆ ಕುಗ್ಗುವುದಿಲ್ಲ. ಹರೆಯದಲ್ಲಿ ಮೆದುಳು ಎಷ್ಟು ತುಂಬಿಕೊಂಡಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಬುರುಡೆಯ ಒಳಗಾತ್ರಕ್ಕೆ ಹೋಲಿಸಿಯೇ ಉಳಿದದ್ದೆಲ್ಲವನ್ನೂ ಲೆಕ್ಕ ಹಾಕುತ್ತಾರೆ.

ಮೆದುಳಿನ ಹೊರಪದರ ಕಾರ್ಟೆಕ್ಸ್‌ನ ದಪ್ಪ ಸರಾಸರಿ ಎರಡೂವರೆ ಮಿಲಿಮೀಟರ್. 2000ದಲ್ಲಿ ಬ್ರೂಸ್ ಫಿಶಲ್ ಮತ್ತು ಆಂಡರ್ಸ್ ಡೇಲ್ ಆ ಮಡಿಕೆಗಳ ಉದ್ದಗಲಕ್ಕೂ ಜಾಗ ಜಾಗದಲ್ಲಿ ದಪ್ಪವನ್ನು ಕಂಪ್ಯೂಟರಿನಿಂದ ಅಳೆಯುವುದನ್ನು ತೋರಿಸಿದರು. ಒಂದು ಮಿಲಿಮೀಟರಿನ ಚುಕ್ಕಿಗಳಿಂದ ಮಿಲಿಮೀಟರಿನ ಭಾಗಗಳಷ್ಟು ಸಣ್ಣ ವ್ಯತ್ಯಾಸ ಹಿಡಿಯುವ ಗಣಿತ ಅದು. ಅದಕ್ಕೂ ಮೊದಲು, 1997ರಲ್ಲಿ, ಲಂಡನ್ನಿನ ನಿಕ್ ಫಾಕ್ಸ್ ಮತ್ತು ಪೀಟರ್ ಫ್ರೀಬರೋ ಒಬ್ಬರದೇ ಎರಡು ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಹೊಂದಿಸಿ, ಮೆದುಳಿನ ಅಂಚು ಒಳಕ್ಕೆ ಎಷ್ಟು ಸರಿದಿದೆ ಎಂದು ಕೂಡಿ ತೆಗೆಯುವ ವಿಧಾನ ಕಂಡುಕೊಂಡಿದ್ದರು. ಎರಡು ಸ್ಕ್ಯಾನ್‌ಗಳ ನಡುವೆ ಕಾಲ ಕದ್ದೊಯ್ದದ್ದೆಲ್ಲ ಅಂಚಿನ ಉದ್ದಕ್ಕೂ ಕಾಣುತ್ತದೆ!

ಪ್ರತಿ ಕಾಯಿಲೆಗೂ ಒಂದು ಹೆಜ್ಜೆಗುರುತು

ನನ್ನನ್ನು ಬೆರಗುಗೊಳಿಸಿದ್ದು ಕುಗ್ಗುವ ಪ್ರಮಾಣಕ್ಕಿಂತ ಹೆಚ್ಚಾಗಿ ಕುಗ್ಗುವ ಬಗೆ. ಡಿಮೆನ್ಶಿಯಾ ಒಂದೇ ಕಾಯಿಲೆಯಲ್ಲ. ಪ್ರತಿಯೊಂದೂ ಮೆದುಳಿನಲ್ಲಿ ತನ್ನದೇ ಜಾಗದಿಂದ ಆರಂಭಿಸುತ್ತದೆ.

ಅಲ್ಝೈಮರ್ ಸಾಮಾನ್ಯವಾಗಿ ಹಿಪ್ಪೊಕ್ಯಾಂಪಸ್ ಮತ್ತು ಅದರ ಅಕ್ಕಪಕ್ಕದಿಂದ ಹೊರಟು ಮೆದುಳಿನ ಹಿಂಭಾಗದ ಕಡೆಗೆ ಹಬ್ಬುತ್ತದೆ. ಹಾಗಾಗಿಯೇ ಮದುವೆಯ ದಿನದ ಅಡುಗೆ ಏನೆಂದು ವಿವರವಾಗಿ ಹೇಳುವ ಅಜ್ಜಿಗೆ ಬೆಳಗಿನ ತಿಂಡಿ ನೆನಪಿರುವುದಿಲ್ಲ. ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಹಣೆಯ ಹಿಂದಿನ ಭಾಗವನ್ನು ಹಿಡಿಯುತ್ತದೆ. ನೆನಪು ಚೆನ್ನಾಗಿಯೇ ಇರುತ್ತದೆ, ಸ್ವಭಾವ ಬದಲಾಗುತ್ತದೆ. ಯಾರಿಗೂ ಎದುರು ಮಾತಾಡದಿದ್ದ ಮೇಷ್ಟ್ರು ದೇವಸ್ಥಾನದ ಸಮಾರಾಧನೆಯಲ್ಲಿ ಪಕ್ಕದವರ ಎಲೆಗೆ ಕೈ ಹಾಕುತ್ತಾರೆ, ಮನೆಯವರು ನಾಚಿಕೆಯಿಂದ ಕುಗ್ಗುತ್ತಾರೆ. ಅದು ಕಾಯಿಲೆ ಎಂದು ಯಾರಿಗೂ ಹೊಳೆಯುವುದೇ ಇಲ್ಲ! ಪದಗಳ ಅರ್ಥವೇ ಅಳಿಸಿಹೋಗುವ ಸೆಮ್ಯಾಂಟಿಕ್ ಬಗೆಯಲ್ಲಿ ಹೆಚ್ಚಾಗಿ ಮೆದುಳಿನ ಎಡಗಡೆಯ ಟೆಂಪೊರಲ್ ಭಾಗದ ಮುಂತುದಿ ಸವೆಯುತ್ತದೆ. ಹುಟ್ಟಿದಾಗಿನಿಂದ ಅಡಿಕೆ ತೋಟದಲ್ಲೇ ಬೆಳೆದವರು ‘ಹಾಳೆ ಅಂದ್ರೆ ಎಂತ?’ ಎಂದು ಕೇಳುತ್ತಾರೆ. ಮೆದುಳಿನ ಹಿಂತುದಿ ಸೊರಗಿದರೆ ಕಣ್ಣು ಸರಿಯಿದ್ದೂ ಎದುರಿಗಿರುವ ಲೋಟ ಕಾಣುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕನ್ನಡಕ ಬದಲಿಸಿ ಬದಲಿಸಿ ಸೋತ ಮೇಲೆ ಮೆದುಳಿನ ಕಡೆ ಗಮನ ಹೋಗುತ್ತದೆ. ಲೂಯಿ ಬಾಡಿ ಡಿಮೆನ್ಶಿಯಾದಲ್ಲಿ ಇಲ್ಲದವರು ಕಣ್ಣೆದುರು ಬಂದು ಕೂರುತ್ತಾರೆ, ಆದರೆ ಹಿಪ್ಪೊಕ್ಯಾಂಪಸ್ ಅಲ್ಝೈಮರ್‌ನಲ್ಲಿ ಕುಗ್ಗುವಷ್ಟು ಕುಗ್ಗಿರುವುದಿಲ್ಲ.

ಇದೇಕೆ ಹೀಗೆ? 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಲಿಯಂ ಸೀಲಿ ಮತ್ತು ಸಂಗಡಿಗರು ಇಂಥ ಐದು ಕಾಯಿಲೆಗಳ ಕುಗ್ಗುವ ನಕ್ಷೆಗಳನ್ನು ತೆಗೆದುಕೊಂಡು, ಅವನ್ನು ಆರೋಗ್ಯವಂತರ ಮೆದುಳಿನಲ್ಲಿ ಒಟ್ಟೊಟ್ಟಿಗೆ ಮಿಡಿಯುವ ಜಾಲಗಳ ನಕ್ಷೆಯ ಜೊತೆ ಇಟ್ಟು ನೋಡಿದರು. ಎರಡೂ ತಾಳೆಯಾದವು! ಕಾಯಿಲೆ ಮೆದುಳಿನಲ್ಲಿ ಕಂಡಕಂಡಲ್ಲಿ ಹರಡುವುದಿಲ್ಲ. ಜೊತೆಯಾಗಿ ಕೆಲಸ ಮಾಡುವ ಭಾಗಗಳನ್ನೇ ಜೊತೆಯಾಗಿ ಕೆಡಿಸುತ್ತ ಹೋಗುತ್ತದೆ. ಯಾವ ಗೆಳೆತನದಿಂದ ನಮ್ಮ ಮಾತು, ನೆನಪು, ನಡತೆ ಹುಟ್ಟಿದವೋ ಆ ಗೆಳೆತನದ ದಾರಿಯಲ್ಲೇ ಕಾಯಿಲೆಯ ನಡಿಗೆ.

ಘಾಟಿ ಇಳಿದು ಒಂದು ಸ್ಕ್ಯಾನ್

ಇಷ್ಟೆಲ್ಲ ಗಣಿತ ನಮ್ಮ ಕಡೆಯ ಆಸ್ಪತ್ರೆಯಲ್ಲಿ ಎಲ್ಲಿದೆ ಎಂದು ಕೇಳಬಹುದು. ಹುಲಿಕಲ್‌ನವರು ಬಾಳೆಬರೆ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರದ ಮೇಲೆ ಮಣಿಪಾಲಕ್ಕೋ, ಇಲ್ಲವೆ ಇತ್ತ ಶಿವಮೊಗ್ಗಕ್ಕೋ ಹೋಗಿ ಸ್ಕ್ಯಾನ್ ಮಾಡಿಸುತ್ತಾರೆ. ಅಲ್ಲಿ ಪರಿಣತ ವೈದ್ಯರ ಕಣ್ಣೇ ಅಳತೆಗೋಲಾಗಬಲ್ಲದು. 1992ರಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ ಶೆಲ್ಟನ್ಸ್ ಕೊಟ್ಟ ಪದ್ಧತಿ ಸರಳ. ಎರಡು ಕಿವಿಗಳನ್ನು ಸೇರಿಸಿ ತಲೆಯನ್ನು ನಿಲುವಾಗಿ ಸೀಳಿದಂತೆ ಕಾಣುವ ಚಿತ್ರವನ್ನು ತೆರೆಯುತ್ತಾರೆ. ಹಿಪ್ಪೊಕ್ಯಾಂಪಸ್‌ನ ಪಕ್ಕದ ಸೀಳು ಅಗಲವಾಗಿದೆಯೇ, ಕುಹರದ ಕೊಂಬು ಹಿಗ್ಗಿದೆಯೇ, ಹಿಪ್ಪೊಕ್ಯಾಂಪಸ್‌ನ ಎತ್ತರ ತಗ್ಗಿದೆಯೇ? ಈ ಮೂರನ್ನು ನೋಡಿ 0ಯಿಂದ 4ರವರೆಗೆ ಅಂಕ. 75ಕ್ಕಿಂತ ಕಿರಿಯರಲ್ಲಿ 2 ಬಂದರೇ ಎಚ್ಚರ, ಅದಕ್ಕೂ ಹಿರಿಯರಲ್ಲಿ 3. ಬರಿಗಣ್ಣಿನ ಈ ಅಂಕ, ಮನೆಯವರು ಹೇಳುವ ವಿವರ, ನೆನಪಿನ ಪರೀಕ್ಷೆ ಎಲ್ಲ ಸೇರಿದಾಗ ರೋಗದ ಹೆಸರು ನಿಲ್ಲುತ್ತದೆ. ಚಿತ್ರವೊಂದೇ ತೀರ್ಪು ಕೊಡುವುದಿಲ್ಲ.

ಮತ್ತೊಂದು ದೊಡ್ಡ ಲಾಭವಿದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದ ಹಿರಿಯರು ‘ಎಂತದೂ ಆಗಲಿಲ್ಲ’ ಎಂದು ಎದ್ದು ಹೋಗುತ್ತಾರೆ. ವಾರಗಳು ಕಳೆದ ಮೇಲೆ ಮಾತು ತೊದಲುತ್ತದೆ, ದಿನ ಮರೆಯುತ್ತದೆ. ಬುರುಡೆಗೂ ಮೆದುಳಿಗೂ ನಡುವೆ ನಿಧಾನವಾಗಿ ರಕ್ತ ಕೂಡಿರಬಹುದು. ಸ್ಕ್ಯಾನ್ ಅದನ್ನು ತಕ್ಷಣ ತೋರಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ರಕ್ತ ತೆಗೆದರೆ ಮನುಷ್ಯ ಮೊದಲಿನಂತಾಗುವ ಸಾಧ್ಯತೆ ಇದೆ. ಥೈರಾಯ್ಡ್ ಕೊರತೆ, ಬಿ12 ಕೊರತೆಯಿಂದ ಬಂದ ಮರೆವಿಗೂ ರಕ್ತಪರೀಕ್ಷೆ ಮತ್ತು ಮದ್ದು ಇವೆ. ವಯಸ್ಸಿನ ಮೇಲೆ ಹಾಕಿ ಸುಮ್ಮನೆ ಕೂತರೆ ಕೈಗೆ ಬಂದ ತುತ್ತು ಬಾಯಿಗಿಲ್ಲದಂತೆ.

ನಮ್ಮ ಅಳತೆಗೆ ನಮ್ಮ ಮೆದುಳು

ಅಳೆಯಬೇಕಾದರೆ ಹೋಲಿಸಲು ಒಂದು ಮಾದರಿ ಬೇಕು. ಜಗತ್ತಿನ ಪ್ರಯೋಗಾಲಯಗಳು ಬಹುಕಾಲ ಬಳಸಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ ನೂರಾರು ಸ್ಕ್ಯಾನ್‌ಗಳ ಸರಾಸರಿಯಿಂದ ತಯಾರಾದ ಮಾದರಿ ಮೆದುಳನ್ನು. ಆ ಜನರ ಮೈಕಟ್ಟೇ ಬೇರೆ, ನಮ್ಮದೇ ಬೇರೆ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು 6ರಿಂದ 60ರ ವಯಸ್ಸಿನ ಭಾರತೀಯರಿಗೆಂದೇ ಐದು ವಯೋಮಾನಗಳ ಮಾದರಿ ಮೆದುಳುಗಳನ್ನು ರಚಿಸಿ 2020ರಲ್ಲಿ ಪ್ರಕಟಿಸಿದರು. ಅದಕ್ಕೂ ಹಿಂದೆಯೇ, 1995ರಲ್ಲಿ, ಅದೇ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ದಾನಿಗಳ ಮೆದುಳನ್ನು ಕಾಪಿಡುವ ಬ್ಯಾಂಕ್ ಶುರುವಾಗಿತ್ತು.

ಇನ್ನು ವೃದ್ಧಾಪ್ಯದ ಸರದಿ. ಇಲ್ಲಿ ಬರುತ್ತದೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ! ಉದ್ಯಮಿ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರ ಹುಟ್ಟಿತು. ಡಾ. ವಿಜಯಲಕ್ಷ್ಮಿ ರವೀಂದ್ರನಾಥ್ ಅದರ ಸ್ಥಾಪಕ ನಿರ್ದೇಶಕಿ. 2018ರಲ್ಲಿ ಕೇಂದ್ರ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಿಗೆ ಹೊರಟಿತು. ಗುರಿ: 45 ದಾಟಿದ, ಡಿಮೆನ್ಶಿಯಾ ಇಲ್ಲದ 10,000 ಜನರನ್ನು ಒಪ್ಪಿಸಿ, ವರ್ಷ ವರ್ಷವೂ ಹಿಂಬಾಲಿಸುವುದು. ರಕ್ತ, ರಕ್ತದೊತ್ತಡ, ಊಟ, ನಿದ್ದೆ, ನೆನಪಿನ ಪರೀಕ್ಷೆ, ಜೊತೆಗೆ ಮೆದುಳಿನ ಎಂಆರ್‌ಐ. ಮಾವಿನ ತೋಪಿನಲ್ಲಿ, ರೇಷ್ಮೆ ಮನೆಯಲ್ಲಿ ದುಡಿಯುವ ಜನ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು, ಏನೂ ಕಾಯಿಲೆಯಿಲ್ಲದೆ, ಸದ್ದು ಮಾಡುವ ಆ ಕೊಳವೆಯೊಳಗೆ ಮಲಗುತ್ತಾರೆ. ಕಾಯಿಲೆ ಕಾಣಿಸುವ ಮೊದಲಿನ ಮೆದುಳು ಹೇಗಿತ್ತು ಎಂಬ ದಾಖಲೆ ಸಿಗುವುದು ಇಂಥವರಿಂದ ಮಾತ್ರ. ಅವರ ಋಣ ದೊಡ್ಡದು.

ಒಂದೇ ಚಿತ್ರ, ಎರಡು ಬದುಕು

ಇಬ್ಬರ ಸ್ಕ್ಯಾನ್ ಪಕ್ಕಪಕ್ಕ ಇಟ್ಟರೆ ಕುಗ್ಗಿರುವುದು ಹೆಚ್ಚುಕಡಿಮೆ ಸಮ. ಆದರೆ ಒಬ್ಬರು ಮನೆಯವರ ಹೆಸರು ಮರೆತಿದ್ದಾರೆ, ಇನ್ನೊಬ್ಬರು ಸಹಕಾರಿ ಸಂಘದ ಲೆಕ್ಕ ನೋಡುತ್ತಿದ್ದಾರೆ. ಇದು ಹೇಗೆ ಸಾಧ್ಯ? ಬದುಕಿನುದ್ದಕ್ಕೂ ಮೆದುಳು ಕೂಡಿಟ್ಟುಕೊಂಡ ಸಾಮರ್ಥ್ಯ ಒಂದು ಕಾರಣ ಎನ್ನುತ್ತಾರೆ ತಜ್ಞರು. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 648 ಡಿಮೆನ್ಶಿಯಾ ರೋಗಿಗಳಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆಯ ಲಕ್ಷಣ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು! ಮನೆಯಲ್ಲಿ ಹವ್ಯಕ ಕನ್ನಡ ಅಥವಾ ಕೊಂಕಣಿ, ಪೇಟೆಯಲ್ಲಿ ಉರ್ದು, ಘಾಟಿ ಇಳಿದರೆ ತುಳು ಕೇಳುವ ನಮ್ಮ ಸೀಮೆಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೆ?

ನಡಿಗೆಯ ಮಾತೂ ಇದೆ. 2011ರಲ್ಲಿ ಅಮೆರಿಕದ 120 ಹಿರಿಯರ ಮೇಲೆ ನಡೆದ ಪ್ರಯೋಗವೊಂದು ಪ್ರಕಟವಾಯಿತು. ವರ್ಷವಿಡೀ ವಾರಕ್ಕೆ ಮೂರು ದಿನ ಚುರುಕಾಗಿ ನಡೆದವರ ಹಿಪ್ಪೊಕ್ಯಾಂಪಸ್ ಶೇ 2ರಷ್ಟು ಹಿಗ್ಗಿತ್ತು, ಬರೀ ಮೈಸಡಿಲಿಸುವ ವ್ಯಾಯಾಮ ಮಾಡಿದವರದು ಕುಗ್ಗಿತ್ತು. ಮುಂದಿನ ಎಲ್ಲ ಪ್ರಯೋಗಗಳಲ್ಲೂ ಫಲ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ, ನಿಜ. ಆದರೆ 2024ರ ಲ್ಯಾನ್ಸೆಟ್ ಆಯೋಗದ ವರದಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಸರಿಪಡಿಸದ ದೃಷ್ಟಿದೋಷ, ತಂಬಾಕು, ಒಂಟಿತನ ಸೇರಿ 14 ಕಾರಣಗಳನ್ನು ಗುರುತಿಸಿದೆ. ಅವನ್ನೆಲ್ಲ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಲೆಕ್ಕ. ಒಂಟಿತನ ಎಂಬಲ್ಲಿ ನಮ್ಮ ತೋಟದ ಮನೆಗಳೇ ನನ್ನ ಕಣ್ಣಮುಂದೆ ಬರುತ್ತವೆ. ಕಿವಿಗೊಂದು ಯಂತ್ರ, ಕಣ್ಣಿಗೊಂದು ಪೊರೆ ಆಪರೇಷನ್, ಬಿ.ಪಿ. ಮಾತ್ರೆ ತಪ್ಪದಂತೆ ನೋಡುವ ಒಬ್ಬರು, ಸಂಜೆ ಜಗಲಿಯಲ್ಲಿ ಕೂತು ಮಾತಾಡುವ ಇನ್ನೊಬ್ಬರು: ಇವೂ ಮೆದುಳಿಗೆ ಚಿಕಿತ್ಸೆಯೇ.

ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯಕ್ಕೆಂದೇ ಯೋಜನೆ ಆರಂಭಿಸಿವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮರೆವಿನ ಕಾಯಿಲೆ ಗುರುತಿಸುವ ತರಬೇತಿ ಸಿಗಬೇಕೆಂಬುದು ಅದರ ಆಶಯ. ಆದರೆ ಮೊದಲು ಗುರುತಿಸಬೇಕಾದವರು ನಾವೇ. ಅಮ್ಮ ಕೇಳಿದ್ದನ್ನೇ ಕೇಳಿದರೆ, ಅಪ್ಪ ಗೊತ್ತಿರುವ ದಾರಿ ತಪ್ಪಿದರೆ, ಯಾವಾಗಿನಿಂದ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಬಿದ್ದು ಪೆಟ್ಟಾದಾಗಲೋ ತಲೆನೋವಿಗೋ ಹಿಂದೆ ತೆಗೆಸಿದ ಸ್ಕ್ಯಾನ್ ಇದ್ದರೆ ಅದರ ಫಿಲ್ಮು, ಸಿ.ಡಿ. ಎಸೆಯಬೇಡಿ. ಹಳೆಯದರ ಪಕ್ಕ ಹೊಸದನ್ನು ಇಟ್ಟಾಗಲೇ ಕುಗ್ಗಿದ ವೇಗ ತಿಳಿಯುವುದು. ಶ್ರೀನಿವಾಸಪುರದ ಜನ ತಮ್ಮ ತಲೆಯೊಡ್ಡಿ ಕೊಡುತ್ತಿರುವ ಅಳತೆ ನಾಳೆ ಹುಲಿಕಲ್‌ನ ಅಮ್ಮನ ವರದಿಗೆ ಸರಿಯಾದ ಹೋಲಿಕೆಯಾಗಲಿದೆ. ಆ ವರದಿ ಬರೆಯುವವರ ಬಳಿಗೆ ಅಮ್ಮನನ್ನು ಹೊತ್ತಿಗೆ ಸರಿಯಾಗಿ ಕರೆದೊಯ್ಯುವುದು ನಮ್ಮ ಪಾಲಿನ ಕೆಲಸ.